ಎರಡು ದಿನದಲ್ಲಿ ಬರೆದಿಟ್ಟ ಸತ್ಯ

ದೊಡ್ಡಬಳ್ಳಾಪುರ ತಾಲ್ಲೂಕಿನ ಉತ್ತರದ ಅಂಚಿಗೆ ಸಾಸಲು. ಹೋಬಳಿ ಕೇಂದ್ರ ಅನ್ನಿಸಿಕೊಂಡರೂ ಊರಿನ ಬದುಕು ಅರ್ಧಕ್ಕರ್ಧ ರಸ್ತೆಯ ಮೇಲೆಯೇ ನಡೆಯುತ್ತದೆ. ಬೆಳಗಾದರೆ ಹುಡುಗರು ಬೈಕು ಹತ್ತಿ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ಹೊರಡುತ್ತಾರೆ. ಎರಡನೇ ಪಾಳಿಯವರು ವಾಪಸಾಗುವಾಗ ರಾತ್ರಿ ಹೊತ್ತು ಮೀರಿರುತ್ತದೆ. ಲಾರಿಗಳು ಮೈಬಿಟ್ಟು ಓಡುವುದೂ ಅದೇ ಹೊತ್ತಿಗೆ. ಗೌರಿಬಿದನೂರು, ಹಿಂದೂಪುರದ ಕಡೆಯ ಸರಕು, ಜಲ್ಲಿ, ಎಂ-ಸ್ಯಾಂಡು. ಸಾಲದ್ದಕ್ಕೆ ಚಿಗರೇನಹಳ್ಳಿಯ ಘಟಕಕ್ಕೆ ಬರುವ ಬೆಂಗಳೂರಿನ ಕಸ. ಆ ಕಸದ ವಿರುದ್ಧ ಈ ಭಾಗದವರು ಧರಣಿ ಕೂತಿದ್ದು ಎಷ್ಟೋ ಸಲ. ವಾಸನೆ, ನೊಣ, ಕೆಟ್ಟುಹೋದ ಕೊಳವೆಬಾವಿ ನೀರು ಎಂದು ದೂರುವವರು ಲಾರಿಯ ಓಟದ ಮಾತನ್ನು ಕೊನೆಗೆ ಎತ್ತುತ್ತಾರೆ.

ಇಂಥ ಊರಿನ ಮನೆಗೆ ಕೆಟ್ಟ ಸುದ್ದಿ ಬರುವ ರೀತಿ ಎಲ್ಲರಿಗೂ ಗೊತ್ತಿದೆ. ಫೋನ್ ಬರುವುದು ಮಗನ ನಂಬರಿನಿಂದಲೇ, ಮಾತಾಡುವವನು ಮಾತ್ರ ಬೇರೆ ಯಾರೋ. ಸತ್ತ ಅನ್ನುವುದಿಲ್ಲ, 'ಆಸ್ಪತ್ರೆ ಹತ್ರ ಬನ್ನಿ' ಅನ್ನುತ್ತಾನೆ. ಅಲ್ಲಿಂದಾಚೆ ಮನೆಯವರು ಕೇಳುತ್ತಾ ಹೋಗುವುದು ಒಂದೇ ಮಾತು: ಹೆಂಗಾಯ್ತು? ಲಾರಿಯವನು ಹಿಂದಿನಿಂದ ಬಂದು ಗುದ್ದಿದನೋ, ನಮ್ಮವನೇ ಹೋಗಿ ಗುದ್ದಿದನೋ? ಬಿದ್ದಾಗ ಜೀವ ಇತ್ತೋ ಇಲ್ಲವೋ? ಪರಿಹಾರದ ಮಾತು ಎತ್ತುವವರು ನೆಂಟರು, ವಕೀಲರ ಗುಮಾಸ್ತರು. ತಾಯಿಗೆ ಬೇಕಾಗಿರುವುದು ಆ ಕೊನೆಯ ಐದು ನಿಮಿಷದ ಲೆಕ್ಕ.

ಆ ಲೆಕ್ಕ ಕೊಡುವ ಕಾಗದಗಳೆಲ್ಲ ಮೊದಲ ಎರಡು ದಿನದಲ್ಲೇ ತಯಾರಾಗಿಬಿಡುತ್ತವೆ. ಬರೆಯುವವರಿಗೆ ಅದು ದಿನದ ಕೆಲಸ. ಓದಬೇಕಾದವರು ಆಗ ಶವಾಗಾರದ ಮುಂದೆ ಕೂತಿರುತ್ತಾರೆ. ಲಾರಿ ಅಪಘಾತದಲ್ಲಿ ಸತ್ಯ ಸಿಗದೇ ಹೋಗುವುದಕ್ಕೆ ಯಾರೋ ದೊಡ್ಡವರ ಪಿತೂರಿ ಇರಲೇಬೇಕೆಂದಿಲ್ಲ. ಹೆಚ್ಚಿನ ಸಲ ಈ ಎರಡು ದಿನದ ಅವಸರವೇ ಸಾಕು.

ಮೊದಲು ದೂರು. ಅಪಘಾತವನ್ನು ಕಣ್ಣಾರೆ ಕಾಣದ ಅಣ್ಣನೋ ಚಿಕ್ಕಪ್ಪನೋ ದೂರುದಾರನಾಗುತ್ತಾನೆ. ಬರೆಯುವವರು ಠಾಣೆಯಲ್ಲೇ ಇರುತ್ತಾರೆ, ವಾಕ್ಯವೂ ಸಿದ್ಧವಾಗಿರುತ್ತದೆ: 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು'. ಎಲ್ಲ ಸಾವಿಗೂ ಅದೇ ವಾಕ್ಯ. ಮನೆಯವರು ಸಹಿ ಹಾಕುತ್ತಾರೆ. ಎರಡು ವರ್ಷದ ನಂತರ ನ್ಯಾಯಾಲಯದಲ್ಲಿ ವಿಮಾ ಕಂಪನಿಯ ವಕೀಲರು 'ನೀವು ನೋಡಿದ್ರಾ?' ಎಂದು ಕೇಳಿದಾಗ ಆ ವಾಕ್ಯ ಕುಸಿಯುತ್ತದೆ.

ಆಮೇಲೆ ಸ್ಥಳ ಮಹಜರು ಮತ್ತು ನಕಾಶೆ. ಈ ನಕಾಶೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಿಳಿ ಹಾಳೆಯ ಮೇಲೆ ರಸ್ತೆಗೆಂದು ಎರಡು ಗೆರೆ, ಮೂಲೆಯಲ್ಲಿ ಬಾಣ, ಅದರ ತುದಿಗೆ 'ಉ'. ರಸ್ತೆಯ ಅಗಲ ಇಷ್ಟು ಅಡಿ, ಒಂದು ಕಡೆ ಹೊಲ, ಇನ್ನೊಂದು ಕಡೆ ಹುಣಸೆ ಮರ, ನಡುವೆ ಗುಣಾಕಾರದ ಗುರುತು: ಅಪಘಾತವಾದ ಸ್ಥಳ. ಆ ಗುರುತು ಮಧ್ಯದ ಗೆರೆಯಿಂದ ಎಡಕ್ಕೆ ಎರಡು ಅಡಿ ಸರಿಯಿತೋ ಬಲಕ್ಕೆ ಸರಿಯಿತೋ ಎಂಬುದರ ಮೇಲೆ ತಪ್ಪು ಯಾರದ್ದೆಂಬುದು ತೀರ್ಮಾನವಾಗುತ್ತದೆ. ಒಡೆದ ಗಾಜಿನ ಚೂರು ಎಲ್ಲಿತ್ತು, ಬ್ರೇಕಿನ ಕಪ್ಪು ಗೆರೆ ಎಷ್ಟು ಉದ್ದ ಇತ್ತು, ಬೈಕು ಎಷ್ಟು ದೂರ ಜಾರಿತು ಎಂಬುದು ಅಲ್ಲಿ ಕಾಣುವುದು ಅಪರೂಪ. ಮಹಜರು ನಡೆಯುವ ಹೊತ್ತಿಗೆ ರಾತ್ರಿಯೆಲ್ಲ ನೂರಾರು ವಾಹನ ಅದರ ಮೇಲೇ ಓಡಿರುತ್ತವೆ. ರಸ್ತೆ ಬಿಡಿಸಬೇಕಲ್ಲ, ಲಾರಿಯನ್ನು ಆಗಲೇ ಠಾಣೆಯ ಅಂಗಳಕ್ಕೆ ತಂದು ನಿಲ್ಲಿಸಿರುತ್ತಾರೆ.

ಮೋಟಾರು ವಾಹನ ನಿರೀಕ್ಷಕರು ಆ ಲಾರಿಯನ್ನು ನೋಡುವುದು ಅಂಗಳದಲ್ಲೇ. ಅವರ ವರದಿಯೂ ಬಹುಪಾಲು ಒಂದೇ ಸಾಲಿಗೆ ಬಂದು ನಿಲ್ಲುತ್ತದೆ: ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಸಂಭವಿಸಿರುವುದಿಲ್ಲ. ಬ್ರೇಕು ಸರಿ ಇತ್ತು ಎಂದ ಮಾತ್ರಕ್ಕೆ ಹಿಂದಿನ ಕೆಂಪು ದೀಪ ಉರಿಯುತ್ತಿತ್ತೇ? ಹೊಳೆಯುವ ಪಟ್ಟಿ ಇತ್ತೇ, ಇದ್ದರೂ ಧೂಳು ಮೆತ್ತಿಕೊಂಡಿತ್ತೇ? ಕತ್ತಲಲ್ಲಿ ಅರ್ಧ ಟಾರಿನ ಮೇಲೆ ನಿಂತ ಲಾರಿಗೆ ಹಿಂದಿನಿಂದ ಬೈಕು ಬಡಿದ ಪ್ರಕರಣದಲ್ಲಿ ಇಡೀ ಸತ್ಯ ಈ ಎರಡು ಪ್ರಶ್ನೆಯೊಳಗೇ ಇದೆ. ರಸ್ತೆಯಲ್ಲಿ ಅಪಾಯವಾಗುವಂತೆ ವಾಹನ ನಿಲ್ಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ. ಆದರೂ ಇಂಥಲ್ಲಿ ಸತ್ತವನೇ ಆರೋಪಿಯಾಗುವುದುಂಟು. ಆರೋಪಿ ಬದುಕಿಲ್ಲವಾದ್ದರಿಂದ ಪ್ರಕರಣ ಅಲ್ಲಿಗೇ ಮುಕ್ತಾಯ. ಪೊಲೀಸರಿಗೂ ಲಾರಿ ಮಾಲೀಕರಿಗೂ ಇದಕ್ಕಿಂತ ಸಲೀಸಾದ ಮುಕ್ತಾಯ ಇನ್ನೊಂದಿಲ್ಲ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ಬರೆದಿಟ್ಟ ಕಾಗದ ಎಷ್ಟು ದೂರ ಬೆನ್ನು ಹತ್ತುತ್ತದೆ ಎಂಬುದಕ್ಕೆ ಅರಸೀಕೆರೆ ಕಡೆಯ ಒಂದು ಪ್ರಕರಣ ಸಾಕ್ಷಿ. ಅದರಲ್ಲಿ ಲಾರಿ ಇಲ್ಲ, ಇರುವುದು ಒಂದೇ ಕಾರು. 2014ರ ಜೂನ್ 18ರಂದು ಮಲ್ಲಸಂದ್ರದಿಂದ ಅರಸೀಕೆರೆಗೆ ಹೊರಟಿದ್ದ ಕಾರು ಮಗುಚಿತು. ಓಡಿಸುತ್ತಿದ್ದವರು ಸತ್ತರು. ಟೈರು ಸಿಡಿದು ಹೀಗಾಯಿತು ಎಂದು ಹೆಂಡತಿ, ಮಗ, ತಂದೆತಾಯಿ ಹೇಳಿದರು. ವೇಗ ಮತ್ತು ಅಜಾಗರೂಕತೆ ಎಂದು ದೋಷಾರೋಪ ಪಟ್ಟಿ ಹೇಳಿತು. 80 ಲಕ್ಷ ರೂಪಾಯಿ ಪರಿಹಾರ ಕೇಳಿದ್ದ ಆ ಮನೆಯವರ ಅರ್ಜಿಯನ್ನು ನ್ಯಾಯಮಂಡಳಿ ಒಪ್ಪಲಿಲ್ಲ, ಹೈಕೋರ್ಟ್ ಒಪ್ಪಲಿಲ್ಲ, 2025ರ ಜುಲೈ 2ರಂದು ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ತನ್ನದೇ ತಪ್ಪಿನಿಂದ ಸತ್ತವರ ವಾರಸುದಾರರಿಗೆ ಈ ದಾರಿಯಲ್ಲಿ ಪರಿಹಾರವಿಲ್ಲ ಎಂಬುದು ಕಾನೂನು. ಅದರಲ್ಲಿ ತಕರಾರಿಲ್ಲ. ಆದರೆ ಹನ್ನೊಂದು ವರ್ಷದ ಆ ಓಡಾಟದ ಬುಡದಲ್ಲಿದ್ದದ್ದು ಆ ದಿನ ಆ ಟೈರನ್ನು ನೋಡಿದವರು ಏನು ಬರೆದರು, ಏನು ಬರೆಯಲಿಲ್ಲ ಎಂಬ ಪ್ರಶ್ನೆ.

ಅದೇ ಅರಸೀಕೆರೆ ತಾಲ್ಲೂಕಿನ ಗಂಡಸಿ ಬಳಿ 2024ರ ಆಗಸ್ಟ್‌ನಲ್ಲಿ ನಡೆದ ಇನ್ನೊಂದು ಪ್ರಕರಣ ಇಡೀ ವಿಷಯವನ್ನೇ ತಲೆಕೆಳಗು ಮಾಡಿತು. ರಸ್ತೆ ಬದಿ ಟೈರು ಬದಲಿಸುತ್ತಿದ್ದವನ ಮೇಲೆ ಲಾರಿ ಹರಿದಿದೆ ಎಂಬಂತೆ ಕಂಡ ಸಾವು. ನಮ್ಮದೇ ಜಿಲ್ಲೆಯ ಹೊಸಕೋಟೆ ಕಡೆಯ ಟೈರು ಅಂಗಡಿ ಮಾಲೀಕನ ಶವ ಅದು ಎಂದು ಹೆಂಡತಿ ಗುರುತಿಸಿದರು. ಅಂತ್ಯಕ್ರಿಯೆಯೂ ಮುಗಿಯಿತು. ಆಮೇಲೆ ನೋಡಿದರೆ ಆ ಮನುಷ್ಯ ಜೀವಂತ. ಸಾಲ ತೀರಿಸಲು ವಿಮೆಯ ಹಣಕ್ಕಾಗಿ ಯಾರೋ ನಿರ್ಗತಿಕನನ್ನು ಕರೆತಂದು ಲಾರಿಯ ಕೆಳಗೆ ಕೊಲ್ಲಲಾಗಿತ್ತು ಎಂಬುದು ಪೊಲೀಸರ ಆರೋಪ. ಸತ್ತವನಿಗೆ ಎಲ್ಲೋ ಒಂದು ಮನೆ ಇದ್ದಿರಬೇಕು. ಅವರ ಪಾಲಿಗೆ ಅಪಘಾತವೇ ನಡೆದಿಲ್ಲ.

ಇಂಥದ್ದನ್ನು ಹೊರಗೆಳೆಯಲು ಮನೆಯವರ ಒಂದು ಸಾಮಾನ್ಯ ತಿಳಿವಳಿಕೆ ಸಾಕಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸಪೇಟೆಯಲ್ಲಿ ದ್ವಿಚಕ್ರ ವಾಹನಕ್ಕೆ ಕಾರು ಗುದ್ದಿ ಒಬ್ಬ ಸತ್ತ ಎಂದಾಗ ಹೆಂಡತಿ ಹೇಳಿದ್ದು ಸರಳ ಮಾತು: ಲಕ್ವ ಹೊಡೆದ ನನ್ನ ಗಂಡ ಗಾಡಿ ಓಡಿಸುವ ಸ್ಥಿತಿಯಲ್ಲೇ ಇರಲಿಲ್ಲ. ಆ ಎಳೆ ಹಿಡಿದು ಹೊರಟ ಪೊಲೀಸರು ಕೋಟಿಗಟ್ಟಲೆ ವಿಮೆಗಾಗಿ ನಡೆದ ಕೊಲೆ ಎಂದು ಆರೋಪಿಸಿ ಹಲವರನ್ನು ಬಂಧಿಸಿದರು. ಹಾಗೆಂದು ಪ್ರತಿ ಲಾರಿಯ ಹಿಂದೆಯೂ ಸಂಚು ಹುಡುಕಬಾರದು. ದುಃಖದಲ್ಲಿರುವವರಿಗೆ ಅನುಮಾನ ಬಹಳ ಬೇಗ ಅಂಟಿಕೊಳ್ಳುತ್ತದೆ, ಅದಕ್ಕೆ ನೀರೆರೆಯುವವರೂ ಊರಲ್ಲಿರುತ್ತಾರೆ. ಅನುಮಾನ ನಿಜವೋ ಸುಳ್ಳೋ ಎಂದು ತೀರಿಸಲಿಕ್ಕಾದರೂ ಆಧಾರ ಬೇಕು.

ಆ ಆಧಾರ ಈಗ ಮುಖ್ಯವಾಗಿ ಕ್ಯಾಮೆರಾ. 2024ರ ಡಿಸೆಂಬರ್ 21ರಂದು ನೆಲಮಂಗಲ ಬಳಿಯ ಹೆದ್ದಾರಿ 48ರಲ್ಲಿ ಕಂಟೇನರ್ ಲಾರಿಯೊಂದು ವಿಭಜಕ ದಾಟಿ ಬಂದು ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಮಂದಿ ಸತ್ತರಲ್ಲ. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಊರಿಗೆ ಹೊರಟವರು. ಮುಂದಿದ್ದ ಕಾರು ಹಠಾತ್ತನೆ ಬ್ರೇಕ್ ಹಾಕಿದ್ದರಿಂದ ತಪ್ಪಿಸಲು ಹೋದೆ ಎಂದು ಚಾಲಕ ಹೇಳಿದ. ಆ ಮಾತನ್ನು ತಾಳೆ ನೋಡಲು ದೃಶ್ಯಾವಳಿ ಇತ್ತು. ಆರು ಜೀವ ಹೋದ, ನಾಡಿಗೆ ನಾಡೇ ನೋಡಿದ ಅಪಘಾತ ಅದು. ಸಾಸಲಿನ ಬೈಕಿನ ಹುಡುಗನಿಗೆ ಆ ಭಾಗ್ಯವಿಲ್ಲ. ಹಳ್ಳಿ ರಸ್ತೆಯಲ್ಲಿ ಕ್ಯಾಮೆರಾ ಎಂದರೆ ಪೆಟ್ರೋಲ್ ಬಂಕು, ಹಾಲಿನ ಡೇರಿ, ಯಾವುದೋ ಫಾರ್ಮ್‌ಹೌಸಿನ ಗೇಟು. ಅವುಗಳ ನೆನಪು ಹದಿನೈದು ದಿನ, ಹೆಚ್ಚೆಂದರೆ ತಿಂಗಳು. ಹಳೆಯದರ ಮೇಲೆ ಹೊಸದು ಕೂರುತ್ತದೆ. ಗುದ್ದಿ ಓಡಿದ ಲಾರಿಯಾದರೆ ಮಾರಸಂದ್ರದಂಥ ಟೋಲ್‌ಗಳ ಫಾಸ್ಟ್ಯಾಗ್ ದಾಖಲೆ ಇನ್ನೊಂದು ದಾರಿ. ಎರಡನ್ನೂ ತನಿಖಾಧಿಕಾರಿಯೇ ಬರೆದು ಕೇಳಬೇಕು.

ಕೇಳದಿದ್ದರೆ ಪ್ರಥಮ ವರ್ತಮಾನ ವರದಿಯಲ್ಲಿ ಎರಡೇ ಪದ ಉಳಿಯುತ್ತವೆ: ಅಪರಿಚಿತ ವಾಹನ. ದೇಶದಲ್ಲಿ 2022ರ ಒಂದೇ ವರ್ಷ ಹೀಗೆ ಗುದ್ದಿ ಓಡಿದ ಪ್ರಕರಣಗಳಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಸತ್ತರು. ವಾಹನ ಪತ್ತೆಯಾಗದ ಸಾವಿಗೆ ಸರ್ಕಾರ ಕೊಡುವುದು 2 ಲಕ್ಷ ರೂಪಾಯಿ. ನೋಡಿದವರು ಇರುವುದಿಲ್ಲ ಎಂದಲ್ಲ, ನಿಲ್ಲುವುದಿಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಗುಬ್ಬಿ ಕಡೆಯ ಯುವಕ ಹರೀಶ್ ಕಣ್ಣು ದಾನ ಮಾಡಿ ಎಂದು ಬೇಡಿಕೊಂಡಿದ್ದನ್ನು ಜನ ಮೊಬೈಲಿನಲ್ಲಿ ಹಿಡಿದರು. ಮುಂದಿನ ತಿಂಗಳೇ ಅವರ ಹೆಸರಿನಲ್ಲಿ ಸಾಂತ್ವನ ಯೋಜನೆ ಬಂತು. ನೆರವಾದವರನ್ನು ಠಾಣೆಗೆ ಅಲೆಸಬಾರದೆಂಬ ಕಾನೂನೂ ಬಂತು. ಆದರೂ ಸಾಕ್ಷಿ ಹೇಳಲು ಮುಂದೆ ಬರುವವರು ಕಡಿಮೆ. ಕೋರ್ಟಿಗೆ ಹೋದ ದಿನದ ಕೂಲಿ ಯಾರು ಕೊಡುತ್ತಾರೆ?

ಹೊಸ ಕಾನೂನು ಬಂದಮೇಲೆ ಏನಾದರೂ ಬದಲಾಯಿತೇ? ನಿರ್ಲಕ್ಷ್ಯದ ಸಾವಿಗೆ ಹಿಂದೆ ಎರಡು ವರ್ಷವಿದ್ದ ಗರಿಷ್ಠ ಶಿಕ್ಷೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದಾಯಿತು. ಗುದ್ದಿ ಓಡಿ, ತಿಳಿಸದೇ ಇದ್ದರೆ ಹತ್ತು ವರ್ಷ ಎಂಬ ಉಪಕಲಂ ಮಾತ್ರ 2024ರ ಜನವರಿಯ ಲಾರಿ ಚಾಲಕರ ಮುಷ್ಕರದ ನಂತರ ತಡೆಯಾಗಿ, ಜುಲೈ 1ರಂದು ಉಳಿದದ್ದೆಲ್ಲ ಜಾರಿಗೆ ಬಂದಾಗ ಅದೊಂದು ಹೊರಗುಳಿಯಿತು. ಇನ್ನೊಂದು ಸೂಕ್ಷ್ಮವಿದೆ. ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎಂಬ ಹೊಸ ನಿಯಮ ಅನ್ವಯಿಸುವುದು ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ. ಲಾರಿ ಸಾವು ಐದು ವರ್ಷದ್ದು. ಹಾಗಾಗಿ ಬ್ರೇಕಿನ ಗೆರೆ ಅಳೆಯುವ ತಜ್ಞ ಸಾಸಲಿಗೆ ಬರಲೇಬೇಕೆಂಬ ಕಡ್ಡಾಯವಿಲ್ಲ. ನನ್ನ ಮಟ್ಟಿಗೆ ಈ ಎರಡು ವರ್ಷದ ಅಂತರವೇ ಹೊಸ ಕಾನೂನಿನ ದೊಡ್ಡ ಕೊರತೆ.

ಇದ್ದುದರಲ್ಲಿ ಕುಟುಂಬಕ್ಕೆ ಹಿಡಿದುಕೊಳ್ಳಲು ಸಿಗುವುದು 2022ರ ಏಪ್ರಿಲ್ 1ರಿಂದ ಜಾರಿಯಾದ ಮೋಟಾರು ವಾಹನ ನಿಯಮಗಳ ತಿದ್ದುಪಡಿ. ಅದರ ದಿನಗಳನ್ನು ಮನೆಯ ಶಾಸ್ತ್ರಗಳ ಪಕ್ಕದಲ್ಲೇ ಲೆಕ್ಕ ಹಾಕಬಹುದು. 48 ಗಂಟೆಯೊಳಗೆ ಪೊಲೀಸರು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಮೊದಲ ಅಪಘಾತ ವರದಿ ಕಳಿಸಬೇಕು. ಅದು ಹಾಲು-ತುಪ್ಪಕ್ಕೂ ಮೊದಲು. ಸಂತ್ರಸ್ತರ ಹಕ್ಕುಗಳನ್ನು ವಿವರಿಸುವ ನಮೂನೆಯನ್ನು 10 ದಿನದೊಳಗೆ ಮನೆಯವರ ಕೈಗೆ ಕೊಡಬೇಕು. ಅದು ಹನ್ನೊಂದನೇ ದಿನದ ತಿಥಿಗಿಂತ ಮುಂಚೆ. ಮಧ್ಯಂತರ ವರದಿಗೆ 50 ದಿನ, ವಿವರವಾದ ವರದಿಗೆ 90 ದಿನ. ಇವನ್ನು ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ನಿರ್ದೇಶಿಸಿದೆ. ಇಂಥದ್ದೊಂದು ನಮೂನೆ ಇದೆ ಎಂದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಅದನ್ನು ಠಾಣೆಯಲ್ಲಿ ಬಾಯಿಬಿಟ್ಟು ಕೇಳಿ ಪಡೆಯಬೇಕು.

ನ್ಯಾಯಮಂಡಳಿಗೆ ಹೋದಮೇಲೆ ಲೆಕ್ಕ ಬೇರೆ. ಅಲ್ಲಿ ಹೀಗಾಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಕ್ರಿಮಿನಲ್ ನ್ಯಾಯಾಲಯದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಒಂದೇ ಅಪಘಾತದಲ್ಲಿ ಚಾಲಕ ಒಂದು ಕೋರ್ಟಿನಲ್ಲಿ ಖುಲಾಸೆಯಾಗಿ, ಇನ್ನೊಂದು ಕೋರ್ಟು ಅವನದೇ ತಪ್ಪೆಂದು ಪರಿಹಾರ ಕೊಡಿಸುವುದು ಇದರಿಂದಲೇ. ವಯಸ್ಸಿಗೊಂದು ಗುಣಕ, ಸಂಬಳದ ಚೀಟಿ ಇಲ್ಲದ ಮಗ್ಗದ ಕೆಲಸಗಾರನಿಗೊಂದು ಅಂದಾಜು ಆದಾಯ, ಹೆಲ್ಮೆಟ್ ಇರಲಿಲ್ಲ ಎಂದೊಂದು ಕಡಿತ. ತಾಯಿ ಕೇಳಿದ ಪ್ರಶ್ನೆಗೆ ಆ ಆದೇಶದಲ್ಲಿ ಜಾಗವಿಲ್ಲ.

ಆದ್ದರಿಂದ ತಿಥಿಯ ಊಟದ ಪಟ್ಟಿ ಹಿಡಿದು ಓಡಾಡುವ ಮನೆಯವರಲ್ಲಿ ಒಬ್ಬರನ್ನಾದರೂ ಬೇರೆ ಕೆಲಸಕ್ಕೆ ಹಚ್ಚುವುದು ಒಳ್ಳೆಯದು. ಹಗಲಿನಲ್ಲಿ ಸ್ಥಳಕ್ಕೆ ಹೋಗಿ ಫೋಟೊ ತೆಗೆಯಲಿ, ಲಾರಿ ಬಿಡುಗಡೆಯಾಗುವ ಮೊದಲು ಅದರ ಹಿಂಭಾಗದ್ದೂ ತೆಗೆಯಲಿ. ಯಾವ ಬಂಕಿನ ಯಾವ ಕ್ಯಾಮೆರಾ ರಸ್ತೆಗೆ ಮುಖ ಮಾಡಿದೆ ಎಂದು ಗುರುತು ಹಾಕಿಕೊಂಡು, ಅದರ ದೃಶ್ಯ ಅಳಿಸುವ ಮೊದಲು ವಶಪಡಿಸಿಕೊಳ್ಳಿ ಎಂದು ಠಾಣೆಗೆ ಒಂದು ಅರ್ಜಿ ಕೊಡಲಿ, ಎರಡು ಪ್ರತಿಯಲ್ಲಿ. ಒಂದು ಪ್ರತಿಯ ಮೇಲೆ ತಾರೀಖಿನ ಸಮೇತ ಠಾಣೆಯ ಮೊಹರು ಬಿದ್ದು ಮನೆಗೆ ಬಂದಿದ್ದರೆ, ಮುಂದೆ ಪಾಟೀಸವಾಲಿನ ದಿನ ಆ ದೃಶ್ಯ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ತನಿಖಾಧಿಕಾರಿಯೇ ಉತ್ತರ ಹೇಳಬೇಕಾಗುತ್ತದೆ.