ಗುಲಾಬಿ ಕೊಳ್ಳುವಾಗ ಎಲೆ ನೋಡಿ

ಜನವರಿಯಲ್ಲಿ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಹೊರಬರುವ ಎಷ್ಟೋ ಮಂದಿಯ ಕೈಯಲ್ಲಿ ಒಂದು ಗುಲಾಬಿ ಗಿಡ ಇರುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲ, ಎರಡು ಕಡ್ಡಿ, ತುದಿಯಲ್ಲಿ ಅಂಗೈಯಗಲದ ಹೂವು. ಮನೆಗೆ ಬಂದ ಮೇಲೆ ಅದು ಒಂದೆರಡು ಸಲ ಹೂ ಬಿಡುತ್ತದೆ. ಮಳೆ ಹಿಡಿಯುತ್ತಿದ್ದಂತೆ ಎಲೆಗಳ ಮೇಲೆ ಕಪ್ಪು ಚುಕ್ಕೆ ಮೂಡಿ, ಸುತ್ತ ಹಳದಿ ತಿರುಗಿ, ಬುಡದಿಂದ ಮೇಲಕ್ಕೆ ಒಂದೊಂದೇ ಉದುರತೊಡಗುತ್ತವೆ. ಆಗಸ್ಟ್ ಹೊತ್ತಿಗೆ ಮುಳ್ಳುಕಡ್ಡಿ ಮಾತ್ರ. ‘ನಮ್ಮ ಕೈಗೆ ಗುಲಾಬಿ ಹತ್ತೋದಿಲ್ಲ ಬಿಡಿ’ ಎಂದು ಮನೆಯವರು ಕೈಚೆಲ್ಲುತ್ತಾರೆ. ಎಡವಟ್ಟಾಗಿರುವುದು ಗಿಡ ಆರಿಸುವಾಗಲೇ.

ಕಪ್ಪು ಚುಕ್ಕೆ ಶಿಲೀಂಧ್ರದಿಂದ ಬರುವ ರೋಗ. ಎಲೆ ಏಳೆಂಟು ತಾಸು ಒದ್ದೆಯಾಗಿಯೇ ಇದ್ದರೆ ಅದು ಒಳಹೊಕ್ಕುಬಿಡುತ್ತದೆ. ಕೆಲವು ಗುಲಾಬಿಗಳಿಗೆ ಇದು ಬೇಗ ಅಂಟುವುದಕ್ಕೆ ಅವುಗಳ ವಂಶವೇ ಕಾರಣ. ಫ್ರಾನ್ಸಿನ ತಳಿಗಾರ ಜೋಸೆಫ್ ಪೆರ್ನೆ-ದ್ಯೂಶೆ 1900ರಲ್ಲಿ ‘ಸೊಲೇ ದೋರ್’ ಎಂಬ ತಳಿಯನ್ನು ಹೊರತಂದರು. ‘ಪರ್ಷಿಯನ್ ಯೆಲ್ಲೋ’ ಎಂಬ ಗುಲಾಬಿಯ ಹೊಂಬಣ್ಣ ಇದರ ಮೂಲಕ ತೋಟದ ಗುಲಾಬಿಗಳಿಗೆ ಬಂತು. ಬಣ್ಣದ ಬೆನ್ನಿಗೇ ಕಪ್ಪು ಚುಕ್ಕೆಗೆ ತುತ್ತಾಗುವ ಗುಣವೂ ಬಂತು. ಇಂದಿನ ಕಡು ಹಳದಿ, ಕಿತ್ತಳೆ, ಎರಡು ಬಣ್ಣದ ಹೈಬ್ರಿಡ್ ಟೀ ಗುಲಾಬಿಗಳಲ್ಲಿ ಬಹುಪಾಲು ಅದೇ ವಂಶದವು. ವಾರ ವಾರ ಔಷಧಿ ಹೊಡೆಯಲು ಪುರುಸೊತ್ತಿಲ್ಲದವರು ಅವನ್ನು ಪ್ರದರ್ಶನದಲ್ಲೇ ನೋಡಿ ಸಂತೋಷಪಡುವುದು ಒಳ್ಳೆಯದು.

ಹಾಗಾದರೆ ಯಾವುದನ್ನು ತರಬೇಕು? ಬಿಸಿಲ ಸೀಮೆಗೆ ಚೀನಾ ಗುಲಾಬಿಯ ರಕ್ತವಿರುವ ತಳಿಗಳೇ ಸರಿ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಅರಳಿ ಸುಮ್ಮನಾಗುವಂಥವು. ಚಳಿಗಾಲದ ನಿದ್ದೆಯೂ ಬೇಕು. ಚೀನಾದವು ಹಾಗಲ್ಲ, ಬೆಚ್ಚಗಿದ್ದರೆ ವರ್ಷವಿಡೀ ಚಿಗುರುತ್ತವೆ, ಚಿಗುರಿದಲ್ಲೆಲ್ಲ ಮೊಗ್ಗು ಕಚ್ಚುತ್ತವೆ. ಹದಿನೆಂಟನೇ ಶತಮಾನದ ಕೊನೆಗೆ ಅವು ಯುರೋಪಿಗೆ ಹೋದಾಗ ಕೆಲವು ಕಲ್ಕತ್ತೆಯ ಸಸ್ಯೋದ್ಯಾನದ ಹಾದಿಯಲ್ಲಿ ಹೋದವು. ಯುರೋಪಿನವರು ಅವನ್ನು ಬಂಗಾಳ ಗುಲಾಬಿ ಎಂದೇ ಕರೆದರು. ಅವುಗಳಲ್ಲಿ ತಿಳಿ ಗುಲಾಬಿ ಬಣ್ಣದ ‘ಓಲ್ಡ್ ಬ್ಲಶ್’ ಇಂದಿಗೂ ಜಗತ್ತಿನ ಬೆಚ್ಚಗಿನ ನಾಡುಗಳಲ್ಲಿ ಹೆಚ್ಚಿನ ಆರೈಕೆಯಿಲ್ಲದೆ ಬೆಳೆಯುತ್ತಿದೆ.

ನಮ್ಮ ಹಿತ್ತಿಲುಗಳ ಪನ್ನೀರು ಗುಲಾಬಿಯನ್ನು ಯಾರೂ ಮುದ್ದು ಮಾಡಿ ಸಾಕಿದ್ದಲ್ಲ. ನೆರೆಮನೆಯಿಂದ ತಂದ ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ. ಎಸಳು ಸಡಿಲ, ಕೊಯ್ದ ಹೂ ಸಂಜೆಗೇ ಬಾಡುತ್ತದೆ, ನಿಜ. ಆದರೆ ಆ ಪರಿಮಳ ಹೂದಾನಿಯ ಗುಲಾಬಿಗೆ ಎಲ್ಲಿಂದ ಬರಬೇಕು! ಗೊಂಚಲಲ್ಲಿ ಅರಳುವ ಬಟನ್ ಗುಲಾಬಿಗಳೂ ಗಟ್ಟಿ ಜೀವ. ಕಡುಗೆಂಪೂ ಬೇಕು, ಘಮವೂ ಬೇಕು ಎನ್ನುವವರು ರುಡಾಲ್ಫ್ ಗೆಶ್ವಿಂಡ್ ಬೆಳೆಸಿದ, 1897ರಲ್ಲಿ ಹೊರಬಂದ ‘ಗ್ರುಸ್ ಆನ್ ಟೆಪ್ಲಿಟ್ಸ್’ ಹುಡುಕಬಹುದು. ಬಿಳಿಯಲ್ಲಿ 1958ರ ‘ಐಸ್‌ಬರ್ಗ್’ ಇದೆ. ಮುಳ್ಳು ಕಡಿಮೆ, ಹೂ ಯಥೇಚ್ಛ. ಬಯಲುಸೀಮೆಯಲ್ಲಿ ಚೆನ್ನಾಗಿ ಬರುತ್ತದೆ, ಮಲೆನಾಡಿನ ಮಳೆಗೆ ಮಾತ್ರ ಚುಕ್ಕೆ ಹಿಡಿಯುತ್ತದೆ.

ಅಮೆರಿಕದ ವಿಲಿಯಂ ರಾಡ್ಲರ್ ಅವರ ಕೆಲಸ ಈ ವಿಷಯದಲ್ಲಿ ದೊಡ್ಡ ಪಾಠ. ರೋಗ ತಗಲಿದ ಎಲೆಗಳನ್ನು ಒಟ್ಟುಮಾಡಿ ಒಣಗಿಸಿ, ಪುಡಿಮಾಡಿ, ತಾವೇ ಬೆಳೆಸಿದ ಸಸಿಗಳ ಮೇಲೆ ಉದುರಿಸಿ, ನೀರು ಚಿಮುಕಿಸುತ್ತಿದ್ದರು. ಬೇರೆಯವರು ಔಷಧಿ ಹೊಡೆದು ಉಳಿಸಿಕೊಳ್ಳುವ ಗಿಡವನ್ನು ಅವರು ಬೇಕೆಂದೇ ರೋಗಕ್ಕೆ ಒಡ್ಡಿದರು. ತಡೆದುಕೊಂಡು ಹಸಿರಾಗಿ ನಿಂತವನ್ನಷ್ಟೇ ಮುಂದಕ್ಕೆ ಬೆಳೆಸಿದರು. 2000ದಲ್ಲಿ ಮಾರುಕಟ್ಟೆಗೆ ಬಂದ ‘ನಾಕ್ ಔಟ್’ ಹಾಗೆ ಹುಟ್ಟಿದ ತಳಿ. ಇತ್ತ ಕೊಡೈಕೆನಾಲ್‌ನಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಎಂ.ಎಸ್. ವೀರರಾಘವನ್ ಬಿಸಿಲ ನಾಡಿಗೆಂದೇ ತಳಿಗಳನ್ನು ರೂಪಿಸಿದರು. ಅದಕ್ಕೆ ಅವರು ಬಳಸಿದ್ದು ಭಾರತದ್ದೇ ಕಾಡು ಗುಲಾಬಿಗಳನ್ನು: ಮಣಿಪುರದ ಬೆಟ್ಟಗಳ ‘ರೋಸಾ ಜೈಗಾಂಟಿಯಾ’, ಹೊಳೆಯಂಚಿನ ಜೌಗಿನಲ್ಲೂ ಬೆಳೆಯುವ ‘ರೋಸಾ ಕ್ಲೈನೋಫಿಲ್ಲಾ’.

ನರ್ಸರಿಯಲ್ಲಿ ರಾಡ್ಲರ್ ಅವರ ಕಣ್ಣು ಬೇಕು. ಹೂವನ್ನು ಬಿಟ್ಟು ಗಿಡದ ಕೆಳಗಿನ ಎಲೆಗಳನ್ನು ನೋಡಿ. ರೋಗ ಮೊದಲು ಕಾಣಿಸುವುದು ಅಲ್ಲೇ. ಒಂದು ಎಲೆಯನ್ನು ಮಗುಚಿ ಹಿಡಿಯಿರಿ. ಹಿಂಭಾಗದಲ್ಲಿ ಸಣ್ಣ ಬಲೆ, ಹರಿದಾಡುವ ಚುಕ್ಕೆಗಳು ಇದ್ದರೆ ಅದು ಕೆಂಪು ನುಸಿ, ಅಲ್ಲೇ ಬಿಟ್ಟು ಬನ್ನಿ. ಬುಡದಿಂದ ಮೂರು ಗಟ್ಟಿ ಕೊಂಬೆ ಎದ್ದಿರಬೇಕು. ಕಸಿ ಗಿಡವಾದರೆ ಬುಡದಲ್ಲಿ ಗಂಟು ಕಾಣುತ್ತದೆ. ನೆಡುವಾಗ ಅದು ಮಣ್ಣಿನ ಮೇಲಿರಲಿ. ಗಂಟಿನ ಕೆಳಗಿನಿಂದ ಹೊರಡುವ ಚಿಗುರು ಕಾಡು ಗಿಡದ್ದು, ಆಗಾಗ ಕಿತ್ತುಹಾಕದಿದ್ದರೆ ಮೇಲಿನ ಗುಲಾಬಿಯನ್ನೇ ನುಂಗುತ್ತದೆ. ಕಡ್ಡಿಯಿಂದ ಬೆಳೆಸಿದ ಗಿಡಕ್ಕೆ ಈ ರಗಳೆಯೇ ಇಲ್ಲ. ಅಂಥದ್ದು ಸಿಕ್ಕರೆ ಹೂ ಸ್ವಲ್ಪ ಚಿಕ್ಕದಾದರೂ ಅದನ್ನೇ ತರಬೇಕು.

ಉಳಿದ ಕೆಲಸ ಬೆಳಗಿನ ಬಿಸಿಲಿನದು. ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ, ಗಾಳಿಯಾಡುವ ಜಾಗ ಕೊಟ್ಟರೆ ರಾತ್ರಿಯ ಇಬ್ಬನಿ ಬೇಗ ಆರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನದ ನಂತರ ನೆರಳು ಸಿಗಲಿ. ಕರಾವಳಿ, ಮಲೆನಾಡಿನವರು ಕುಂಡದಲ್ಲಿ ನೆಟ್ಟು ಮಳೆಗಾಲಕ್ಕೆ ಸೂರಿನಡಿ ಸರಿಸಿಕೊಳ್ಳಬಹುದು. ನೀರು ಎಲೆಗಲ್ಲ, ಬುಡಕ್ಕೆ, ಅದೂ ಬೆಳಿಗ್ಗೆ. ಕೊಟ್ಟಿಗೆ ಗೊಬ್ಬರದ ಜೊತೆ ಒಂದು ಹಿಡಿ ಬೇವಿನ ಹಿಂಡಿ, ಮೇಲೆ ಒಣ ಎಲೆಯ ಹೊದಿಕೆ ಸಾಕು. ಬೆಂಗಳೂರು, ಮೈಸೂರಿನ ಕಡೆ ಮಳೆ ಹಿಂದಾದ ಮೇಲೆ, ಅಕ್ಟೋಬರ್‌ನಲ್ಲಿ ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಹರಿತವಾದ ಕತ್ತರಿಯಿಂದ ಸವರಿ, ಉದುರಿದ ಎಲೆಗಳನ್ನು ಗುಡಿಸಿ ಹಾಕಬೇಕು. ಸವರಿದ ಸುಮಾರು 45 ದಿನಕ್ಕೆ ಹೊಸ ಕೊಂಬೆಗಳಲ್ಲಿ ಹೂ ಬರುತ್ತದೆ.