‘ಬರೆದದ್ದು ಉಂಟಾ?’ ಎಂದು ಕೇಳುವ ಕಾಕ

ವಾರದಲ್ಲಿ ಆರು ದಿನ ಅವರು ವ್ಯಾಪಾರ ಸಲಹೆಗಾರರು. ಮಂಗಳೂರು ಬಂದರಿನ ಸಗಟು ಅಂಗಡಿಯವರಿಂದ ಹಿಡಿದು ಹೊಸದಾಗಿ ಬೇಕರಿ ತೆರೆಯುವ ಹುಡುಗರವರೆಗೆ ಅವರ ಬಳಿ ಬರುತ್ತಾರೆ. ಜಿಎಸ್‌ಟಿ, ಬ್ಯಾಂಕ್ ಸಾಲದ ಕಾಗದಪತ್ರ, ಬಾಡಿಗೆ ಕರಾರು, ಇದೇ ಕೆಲಸ. ಭಾನುವಾರ ಅಸರ್ ನಮಾಝ್ ಮುಗಿಸಿ ಜಮಾಅತಿನ ಮದ್ರಸದ ಒಂದು ಕೋಣೆಯಲ್ಲಿ ಕೂರುತ್ತಾರೆ. ಅಲ್ಲಿ ಫೀಸು ಇಲ್ಲ.

“ಹೆಸರು, ಫೋಟೊ ಹಾಕುವುದಾದರೆ ಬೇಡ ಮಾರಾಯ್ರೆ” ಎಂದರು. ಹಾಗಾಗಿ ಇಲ್ಲಿ ಅವರ ಹೆಸರಿಲ್ಲ. ಊರಿನ ಹುಡುಗರಿಗೆ ಅವರು ‘ಲೆಕ್ಕದ ಕಾಕ’.

ಯಾರೇ ಬಂದು ಕುಳಿತರೂ ಕಾಕನ ಮೊದಲ ಪ್ರಶ್ನೆ ಒಂದೇ: “ಬರೆದದ್ದು ಉಂಟಾ?”

ಹೆಚ್ಚಿನವರದ್ದು ‘ಇಲ್ಲ’ ಎಂಬ ಉತ್ತರ. ಭಾವನ ಅಂಗಡಿಗೆ ಐದು ಲಕ್ಷ ಹಾಕಿದ್ದೇನೆ, ತಿಂಗಳಿಗೆ ಏನಾದರೂ ಕೊಡುತ್ತಾನೆ. ಅದು ಸಾಲವೋ ಪಾಲೋ? ಗೊತ್ತಿಲ್ಲ. ನಷ್ಟವಾದರೆ? ಮಾತಾಡಿಲ್ಲ. ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂತೆಂದು ಹಲವರು ಹೇಳುತ್ತಾರೆ. ಆದರೆ ಸಂಬಂಧಿಕರ ನಡುವೆ ಕಾಗದ ಕೇಳುವುದೆಂದರೆ ನಮಗೆ ಈಗಲೂ ನಾಚಿಕೆ.

ಈ ನಾಚಿಕೆಯ ಬೆಲೆ ಏನೆಂದು ಕಾಕನಿಗೆ ಚೆನ್ನಾಗಿ ಗೊತ್ತು. ವರ್ಷಗಳ ಹಿಂದೆ ಅವರ ಆಪ್ತ ಗೆಳೆಯನೊಬ್ಬ ಗಲ್ಫಿನಿಂದ ವಾಪಸು ಬಂದು, ಸಿಕ್ಕಿದ ಹಣವನ್ನೆಲ್ಲ ಸಂಬಂಧಿಕರ ಅಂಗಡಿಗೆ ಹಾಕಿದರು. “ಒಂದು ಕರಾರು ಮಾಡಿಕೊಡ್ತೀಯಾ?” ಎಂದು ಕಾಕನಲ್ಲೇ ಕೇಳಿದ್ದರಂತೆ.

“ಮನೆಯವರ ನಡುವೆ ಕಾಗದ ಎಂತಕ್ಕೆ ಅಂತ ನಾನೇ ಹೇಳಿದೆ. ಸಲಹೆ ಕೊಡುವುದೇ ನನ್ನ ಕೆಲಸ, ಅವತ್ತು ಕೊಟ್ಟದ್ದು ತಪ್ಪು ಸಲಹೆ” ಎನ್ನುತ್ತಾರೆ.

ಅಂಗಡಿಯ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. “ಉಪ್ಪ ನಮಗೆ ಏನೂ ಹೇಳಿರಲಿಲ್ಲ” ಎಂದರು ಮಕ್ಕಳು. ಅವರು ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಹಣ ಪೂರ್ತಿ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎರಡು ಮನೆಯವರು ಈಗ ಮದುವೆಗೂ ಪರಸ್ಪರ ಕರೆಯುವುದಿಲ್ಲ. ಆ ಬಳಿಕವೇ ಶುರುವಾದದ್ದು ಭಾನುವಾರದ ಈ ಬೈಠಕ್.

ಕುರ್‌ಆನಿನ ಅತಿ ದೀರ್ಘ ಆಯತ್, ಅಲ್ ಬಕರ ಸೂರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿ ಇಡುವ ವಿಷಯದ್ದೇ. ಕಾಕ ಅದನ್ನು ನೆನಪಿಸುತ್ತಾರೆ. ಜೊತೆಗೆ ಕಾನೂನನ್ನೂ ಹೇಳುತ್ತಾರೆ: 1932ರ ಪಾಲುದಾರಿಕೆ ಕಾಯ್ದೆಯಂತೆ ಬೇರೆ ಕರಾರು ಇಲ್ಲದಿದ್ದರೆ, ಪಾಲುದಾರರಲ್ಲಿ ಒಬ್ಬರು ತೀರಿಕೊಂಡಾಗ ಸಂಸ್ಥೆ ಅಲ್ಲಿಗೆ ವಿಸರ್ಜನೆ. ನೋಂದಣಿ ಆಗದ ಸಂಸ್ಥೆಯ ಪಾಲುದಾರ ತನ್ನ ಕರಾರಿನ ಹಕ್ಕಿಗಾಗಿ ಕೋರ್ಟಿಗೆ ಹೋಗುವುದೂ ಕಷ್ಟ.

ಬರೆಯಬೇಕಾದದ್ದು ಐದೇ ವಿಷಯ ಎನ್ನುತ್ತಾರೆ ಅವರು. ಯಾರು ಎಷ್ಟು ಹಾಕಿದರು. ಅದು ಸಾಲವೋ ಪಾಲೋ. ಲಾಭ ಯಾವ ಪ್ರಮಾಣದಲ್ಲಿ, ನಷ್ಟ ಹೇಗೆ. ಅಂಗಡಿಯಲ್ಲಿ ನಿಲ್ಲುವವನಿಗೆ ಸಂಬಳ ಉಂಟೋ ಇಲ್ಲವೋ. ಒಬ್ಬ ಬಿಟ್ಟುಹೋದರೆ ಅಥವಾ ತೀರಿಕೊಂಡರೆ ಲೆಕ್ಕ ಮುಗಿಸುವುದು ಹೇಗೆ. ಮೊದಲು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಆಮೇಲೆ ವಕೀಲರಲ್ಲಿ ಹೋಗಿ ಎಂಬುದು ಅವರ ಮಾತು.

ರಮಳಾನ್ ಹತ್ತಿರ ಬಂದರೆ ಕೋಣೆ ತುಂಬುತ್ತದೆ. ಆಗ ಬರುವುದು ಝಕಾತಿನ ಲೆಕ್ಕ. ಮಾರಾಟದ ಸರಕಿಗೆ ಇಂದಿನ ಬೆಲೆ ಹಾಕಬೇಕು, ಕೈಯಲ್ಲಿರುವ ನಗದು ಸೇರಿಸಬೇಕು, ಒಟ್ಟು ನಿಸಾಬ್ ಮುಟ್ಟಿದರೆ ಶೇ. 2.5. ಫ್ರಿಡ್ಜ್, ಕಪಾಟು, ತಕ್ಕಡಿ ಲೆಕ್ಕಕ್ಕಿಲ್ಲ. ನಾವು ಕೊಡಬೇಕಾದ ಸಾಲ ಕಳೆಯಬಹುದಾ, ಬಾರದ ಸಾಲ ಸೇರಿಸಬೇಕಾ ಎಂದು ಕೇಳಿದರೆ ಕಾಕ ಪಕ್ಕದ ಬಾಗಿಲು ತೋರಿಸುತ್ತಾರೆ: “ಅದು ಉಸ್ತಾದರದ್ದು. ಕೂಡಿಸುವುದು ಮಾತ್ರ ನನ್ನದು.”

ಇಷ್ಟೆಲ್ಲ ಲೆಕ್ಕದ ನಡುವೆ ಬಿಡುವು? ಸುಬಹಿ ಬಳಿಕ ನೇತ್ರಾವತಿ ದಡದಲ್ಲಿ ಗಾಳ ಹಿಡಿದು ಕೂರುವುದು. ಸಣ್ಣ ಸಿಗಡಿ ಸಿಕ್ಕಿಸಿ ಗಂಟೆಗಟ್ಟಲೆ ಕಾಯುತ್ತಾರೆ. ಒಂದು ಕಾಣೆ ಸಿಕ್ಕಿದರೆ ಅವತ್ತು ಹಬ್ಬ. “ಹೆಂಡತಿ ಮೀನು ಮಾರುಕಟ್ಟೆಗೆ ಹೋಗಿಯೇ ಹೋಗ್ತಾಳೆ, ನನ್ನ ಮೇಲೆ ಅಷ್ಟು ನಂಬಿಕೆ” ಎಂದು ನಗುತ್ತಾರೆ.

ಗಾಳದ ಚೀಲದಲ್ಲಿ ಒಂದು ನೋಟ್‌ಬುಕ್ ಕೂಡ ಇದೆ. ಅದರಲ್ಲಿ ಹಣದ ಲೆಕ್ಕ ಇಲ್ಲ, ಬ್ಯಾರಿ ಶಬ್ದಗಳಿವೆ. ಅಜ್ಜಿಯ ಕಿವಿಯ ಅಲಿಕತ್, ಕೋಲ್ಕಲಿಯ ಹೆಜ್ಜೆಗಳ ಹೆಸರು, ಅಡುಗೆಮನೆಯ ಪಾತ್ರೆಗಳ ಹೆಸರು, ಎಲ್ಲವೂ ಕನ್ನಡ ಲಿಪಿಯಲ್ಲಿ. 2007ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿದಾಗ ಅವರಿಗೆ ಈ ಹುಚ್ಚು ಹಿಡಿಯಿತಂತೆ. ಅಜ್ಜಿ ಇದ್ದಾಗ ಕೇಳಿ ಬರೆಯಲಿಲ್ಲವಲ್ಲ ಎಂಬ ಬೇಸರ ಅವರಿಗೆ ಈಗಲೂ ಇದೆ. ಅರ್ಧ ಶಬ್ದಗಳಿಗೆ ಅರ್ಥ ಹೇಳುವವರೇ ಉಳಿದಿಲ್ಲ.

ಮೊನ್ನೆ ಭಾನುವಾರ ಇಬ್ಬರು ಅಣ್ಣತಮ್ಮಂದಿರು ಬಂದಿದ್ದರು. ಸೇರಿ ಮೊಬೈಲ್ ಅಂಗಡಿ ಇಡುವ ಯೋಚನೆ. ಕಾಕ ಬಾಯಿ ತೆರೆಯುವ ಮೊದಲೇ ಕಿರಿಯವನು ಜೇಬಿನಿಂದ ಮಡಚಿದ ಹಾಳೆ ತೆಗೆದ. “ಬರೆದದ್ದು ಉಂಟು ಕಾಕ. ಉಮ್ಮ ಕೂರಿಸಿ ಬರೆಸಿದರು.”

ಕಾಕ ಕನ್ನಡಕ ಹಾಕಿಕೊಂಡು ಓದಿದರು. ನಾಲ್ಕು ವಿಷಯ ಇತ್ತು, ಐದನೆಯದ್ದು ಇರಲಿಲ್ಲ. ಒಬ್ಬ ಇಲ್ಲವಾದರೆ ಏನು ಎಂದು ಬರೆಯಲು ಉಮ್ಮನಿಗೆ ಮನಸ್ಸು ಬಂದಿರಲಿಕ್ಕಿಲ್ಲ. ಕಾಕ ಪೆನ್ನನ್ನು ಅಣ್ಣನ ಕೈಗೆ ಕೊಟ್ಟರು.