ಹಿಮದ ನಾಡಿಗೆ ಒಂದು ಜೊತೆ ಕೈಗವಸು

ಮಾಗಿಯ ಒಂದು ಸಂಜೆ ಗೋವಿಂದರಾಜನಗರದ ನಮ್ಮ ನೆರೆಮನೆಯ ತಾಯಿಯೊಬ್ಬರು ತಾವು ಹೆಣೆದ ಉಣ್ಣೆಯ ಕೈಗವಸುಗಳನ್ನು ತಂದು ನನ್ನ ಮುಂದಿಟ್ಟರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಸೈನ್ಯ ಸೇರಿ ಈಗ ಲಡಾಖಿನಲ್ಲಿದ್ದಾನೆ.

"ನೋಡಿ ಮೇಷ್ಟ್ರೇ, ಬೆರಳಿಗೆ ಅಂಟಿಕೊಂಡ ಹಾಗಿದೆ. ಚೂರು ಗಾಳಿಯೂ ಒಳಗೆ ನಿಲ್ಲದು."

ಹೆಣಿಗೆ ಅಂದವಾಗಿಯೇ ಇತ್ತು. ಆದರೆ ಆ ಅಂಟಿಕೊಳ್ಳುವ ಗುಣವೇ ಅದರ ದೋಷವೆಂದು ಆಕೆಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಬೆಂಗಳೂರಿಗರಾದ ನಮಗೆ ಚಳಿಯ ಪರಿಚಯವೇ ಅಲ್ಪ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಸಿಯಾಚಿನ್ ಹಿಮನದಿಯ ಮೇಲಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವುದುಂಟು. ಅಲ್ಲಿ ಬರಿಗೈಯಿಂದ ಬಂದೂಕಿನ ಕಬ್ಬಿಣ ಮುಟ್ಟಿದರೆ ಚರ್ಮ ಅದಕ್ಕೇ ಹತ್ತಿಕೊಂಡು ಕಿತ್ತುಬರುತ್ತದೆ.

ಕೈಗವಸು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಶಾಖವನ್ನು ತರುವುದು ರಕ್ತ. ಅದನ್ನು ಕಾಯುವುದು ಗವಸಿನೊಳಗೆ ಅಲುಗಾಡದೆ ನಿಂತ ಗಾಳಿ. ಬಿಗಿಯಾದ ಗವಸು ಇವೆರಡನ್ನೂ ಹಿಂಡಿಬಿಡುತ್ತದೆ. ಆದ್ದರಿಂದ ಒಳಗೊಂದು ತೆಳುವಾದ ಗವಸು, ಅದರ ಮೇಲೆ ಸಡಿಲವಾದ ಉಣ್ಣೆಯದು, ಹೊರಗೆ ಗಾಳಿ-ನೀರು ತೂರದ ಹೊದಿಕೆ, ಹೀಗೆ ಮೂರು ಪದರ ಬೇಕು. ನಾಲ್ಕು ಬೆರಳಿಗೂ ಒಂದೇ ಚೀಲವಿದ್ದು ಹೆಬ್ಬೆರಳಿಗೆ ಮಾತ್ರ ಬೇರೆ ಮನೆಯಿರುವ ಗವಸು ಇನ್ನೂ ಬೆಚ್ಚಗೆ. ಬೆರಳುಗಳು ಒಂದನ್ನೊಂದು ಕಾಯುತ್ತವೆ. ಸೂಕ್ಷ್ಮವಾದ ಕೆಲಸಕ್ಕೆ ಅದು ಒದಗದೆಂಬುದು ನಿಜ. ಆಗ ಹೊರಗಿನದನ್ನು ಕಳಚಿದರೂ ಒಳಗಿನ ತೆಳುಗವಸು ಕೈಮೇಲೆ ಉಳಿದಿರಬೇಕು. ಹತ್ತಿಯದು ಬೇಡ; ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಕದಿಯುತ್ತದೆ. ಒಣಗಿದ ಇನ್ನೊಂದು ಜೊತೆ ಚೀಲದಲ್ಲಿರುವುದು ಅದಕ್ಕಾಗಿಯೇ.

ಬೆರಳು ಜುಮುಗುಟ್ಟುವುದು ಮೊದಲ ಎಚ್ಚರಿಕೆ. ಆ ನೋವು ನಿಂತು, ಚರ್ಮ ಬೆಳ್ಳಗೆ ಮೇಣದಂತಾದರೆ ಅದು ಸಮಾಧಾನದ ಸಂಗತಿಯಲ್ಲ, ಅಪಾಯದ್ದು. ಹಿಮದಿಂದ ಉಜ್ಜಬೇಕೆಂಬ ಹಳೆಯ ನಂಬಿಕೆ ತಪ್ಪು. ಬೆಂಕಿಗೆ ಹಿಡಿಯುವುದೂ ಸಲ್ಲದು; ಸ್ಪರ್ಶವಿಲ್ಲದ ಬೆರಳು ಸುಟ್ಟರೂ ತಿಳಿಯದು. ಸುರಕ್ಷಿತ ಠಾವಿಗೆ ಬಂದು, ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದಾಗ, 37ರಿಂದ 39 ಡಿಗ್ರಿಯ ಬಿಸಿನೀರಿನಲ್ಲಿ ಕೈ ಮುಳುಗಿಸಿ, ವೈದ್ಯರಿಗೆ ತೋರಿಸಬೇಕು. ಬೀಡಿ ಸಿಗರೇಟು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಚಳಿಗೆಂದೇ ಸೇದುವ ಮಹನೀಯರು ಗಮನಿಸಬೇಕು!

ಬೆರಳು ಉಳಿದರೆ ಜೀವ ಉಳಿದಂತೆಯೇ? ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಾಡು ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. 8ರಂದು ಅವರೊಬ್ಬರು ಜೀವಂತವಾಗಿ ದೊರೆತರು. ಅವರ ಮೈಮೇಲೆ ಹಿಮಗಾಯಗಳಿಲ್ಲವೆಂದು ವೈದ್ಯರ ಪ್ರಕಟಣೆ ತಿಳಿಸಿತ್ತು. ಆದರೂ ಒಳಗಿನ ಅಂಗಾಂಗಗಳು ಸೋತು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಮೈಯ ನಡುವಿನ ಶಾಖ ಇಳಿದಾಗ ದೇಹವು ಹೃದಯವನ್ನು ಕಾಯಲು ಕೈಕಾಲುಗಳ ರಕ್ತವನ್ನು ಹಿಂತೆಗೆದುಕೊಳ್ಳುತ್ತದೆ; ಆದುದರಿಂದ ಕೈ ಬೆಚ್ಚಗಿರಬೇಕಾದರೂ ತಲೆ, ಎದೆ ಮೊದಲು ಬೆಚ್ಚಗಿರಬೇಕು.

ನಾನು ಹೇಳಲಾರದ್ದನ್ನು ಕಡೆಗೆ ಮಗನೇ ದೂರವಾಣಿಯಲ್ಲಿ ಹೇಳಿದನಂತೆ. ಮರುದಿನ ಆ ತಾಯಿ ಜಗಲಿಯ ಮೇಲೆ ಕುಳಿತು ಹೆಣಿಗೆಯನ್ನೆಲ್ಲ ಬಿಚ್ಚುತ್ತಿದ್ದರು.

"ಕೈ ನೀಡಿ ಮೇಷ್ಟ್ರೇ, ನಿಮ್ಮದೂ ಅವನದೂ ಒಂದೇ ಅಳತೆ. ಮೊದಲು ಈ ತೆಳು ಗವಸು ಹಾಕಿಕೊಳ್ಳಿ. ಅದರ ಮೇಲೆ ಅಳೆಯುತ್ತೇನೆ."